ಆನ್‌ರೋಡ್ ಬೆಲೆ

ಭಾದ್ರಪದ ಶುದ್ಧ ಬಿದಿಗೆ, ಗೌರಿ ಹಬ್ಬದ ಹಿಂದಿನ ದಿನ, ಬೆಳಗಿನ ತಿಂಡಿಯ ಹೊತ್ತು. ಆಧಾರ: ನಂಜನಗೂಡಿನ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರು; ಪಂಚಾಂಗದೊಡನೆ ತಾಳೆ ನೋಡಲಾಗಿದೆ. ಅಂದು ನನ್ನ ಭಾವಮೈದ, ಎಂದರೆ ನನ್ನ ಹೆಂಡತಿಯ ಒಬ್ಬನೇ ತಮ್ಮ, ಮೈಸೂರಿನ ಶೋರೂಮೊಂದರಿಂದ ಹೊಚ್ಚಹೊಸ ಐಷಾರಾಮಿ ಕಾರನ್ನು ಬಿಡಿಸಿಕೊಂಡು ನೇರವಾಗಿ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ಶಾಸನಗಳ ಕಾಲನಿರ್ಣಯದಲ್ಲಿ ಕಣ್ಣು ಸವೆಸಿ ನಿವೃತ್ತನಾದವನು ನಾನು; ತಿಥಿ ವಾರಗಳ ವಿಷಯದಲ್ಲಿ ಉದಾಸೀನ ಮಾಡುವವನಲ್ಲ. ಆದ್ದರಿಂದ ಓದುಗರು ಈ ತಿಥಿಯನ್ನು ನಿಶ್ಚಿಂತೆಯಿಂದ ನಂಬಬಹುದು.

ನಂಬಲು ಕಷ್ಟವಾಗುವ ಸಂಗತಿ ಬೇರೆಯಿದೆ. ಈ ಮಹಾನುಭಾವ ತನ್ನ ಜೀವಮಾನದಲ್ಲಿ ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ! ಒಂದು ಸಲ ಬಟ್ಟೆ ಅಂಗಡಿಯೊಂದರಲ್ಲಿ 'ಒಂದೇ ದರ, ಚೌಕಾಸಿ ಇಲ್ಲ' ಎಂಬ ಬೋರ್ಡು ತೂಗುಹಾಕಿದ್ದರು. ಬೇರೆಯವರಾದರೆ ಏನು ಮಾಡುತ್ತಿದ್ದರು? ಕೊಳ್ಳುತ್ತಿದ್ದರು, ಇಲ್ಲವೇ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಇವನು ಬೋರ್ಡನ್ನು ಬೆರಳಿನಿಂದ ತಟ್ಟಿ ನೋಡಿ, "ಇದ್ನ ಎಷ್ಟಕ್ಕೆ ಕೊಡ್ತೀಯಪ್ಪ?" ಎಂದು ಕೇಳಿದ. ಆ ಬೋರ್ಡು ಈಗಲೂ ತಿ. ನರಸೀಪುರದ ಅವನ ಮನೆಯಲ್ಲಿದೆ, ಬಚ್ಚಲಿನ ಕಿಟಕಿಗೆ ಅಡ್ಡವಾಗಿ. ಕಣ್ಣಿನ ಪೊರೆ ತೆಗೆಸಲು ಹೋದಾಗ ಡಾಕ್ಟರು ಒಂದು ಕಣ್ಣಿಗೆ ಇಷ್ಟು ಎಂದರಂತೆ. "ಎಲ್ಡೂ ಕಣ್ಣು ಒಟ್ಗೇ ಕೊಟ್ರೆ ಎಷ್ಟು ಬಿಡ್ತೀರಿ ಸಾ?" ಎಂದನಂತೆ ಇವನು.

ಬೆಲೆ ಇಳಿಸಿದ ಮಾತ್ರಕ್ಕೆ ಅವನ ಆತ್ಮಕ್ಕೆ ಶಾಂತಿ ಸಿಗುತ್ತದೆಯೇ? ಇಲ್ಲ, ಆಮೇಲೆ ಕೊಸರು ಬೇಕು. ಅಳೆದು ಕೊಟ್ಟಾದ ಮೇಲೆ ಮೇಲೊಂದಿಷ್ಟು ಪುಕ್ಕಟೆಯಾಗಿ ಹಾಕುತ್ತಾರಲ್ಲ, ಅದು. ಸೊಪ್ಪಿನವಳ ಹತ್ತಿರ ನಾಲ್ಕು ಕಡ್ಡಿ ಕೊತ್ತಂಬರಿಯನ್ನು ಕೊಸರಾಗಿ ಕೇಳುವುದು ಸಭ್ಯರಿಗೂ ಉಂಟು. ಇವನು ಆ ಕಣ್ಣಿನ ಡಾಕ್ಟರ ಹತ್ತಿರ ಕೊಸರಾಗಿ ಪಕ್ಕದ ಮನೆಯವನ ಕಣ್ಣನ್ನೂ ಪರೀಕ್ಷೆ ಮಾಡಿಸಿಕೊಂಡು ಬಂದವನು!

ಬಡವನಿರಬೇಕು ಪಾಪ ಎಂದು ಯಾರೂ ಮರುಗಬೇಕಾಗಿಲ್ಲ. ಬನ್ನೂರು ಕುರಿಗಳ ವ್ಯಾಪಾರದಲ್ಲಿ ಅವನದು ಎತ್ತಿದ ಕೈ. ನಾಲೆ ನೀರಿನ ಗದ್ದೆಯಿದೆ, ಮನೆಯ ಮೇಲೆ ಮನೆಯಿದೆ. ಆದರೂ ಓಡಾಡುವುದು ಮಾತ್ರ ಕುರಿ ಸಾಗಿಸುವ ಪಿಕಪ್ ಗಾಡಿಯಲ್ಲಿ. ಮದುವೆಗೆ ಬಂದರೂ ಅದರಲ್ಲೇ, ಸಾವಿಗೆ ಬಂದರೂ ಅದರಲ್ಲೇ. ಯಾವುದಕ್ಕೇ ಬಂದರೂ ಅವನಿಗಿಂತ ಮೊದಲು ವಾಸನೆ ಬಂದು ಕುಶಲ ವಿಚಾರಿಸುತ್ತದೆ.

ಇಂಥವನಿಗೆ ಐಷಾರಾಮಿ ಕಾರಿನ ಹುಚ್ಚು ಹತ್ತಿದ್ದಾದರೂ ಹೇಗೆ? ಅದಕ್ಕೆ ಕಾರಣ ನನ್ನ ಹೆಂಡತಿಯ ಬೆನ್ನು. ಮೂರು ವರ್ಷದ ಹಿಂದೆ ಆಕೆ ಹಿತ್ತಲಿನಲ್ಲಿ ಜಾರಿ ಬಿದ್ದು ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಮನೆಯೊಳಗೆ ಓಡಾಡಲು ಅಡ್ಡಿಯಿಲ್ಲ. ಪ್ರಯಾಣದ ಕುಲುಕಾಟ ಮಾತ್ರ ಕೂಡದು ಎಂದು ಡಾಕ್ಟರ ಅಪ್ಪಣೆ. ಅದುವರೆಗೆ ಒಂದು ವರ್ಷವೂ ತಪ್ಪದೆ ಗೌರಿ ಹಬ್ಬಕ್ಕೆ ತವರಿಗೆ ಹೋಗಿ, ತಮ್ಮನ ಮನೆಯಲ್ಲಿ ಮೊರದ ಬಾಗಿನ ಪಡೆದು ಬರುತ್ತಿದ್ದವಳು ಎರಡು ಗೌರಿಗೆ ಮನೆಯಲ್ಲೇ ಉಳಿದಳು. ಎರಡನೆಯ ವರ್ಷ ಟ್ಯಾಕ್ಸಿಯಲ್ಲಿ ಹೊರಟಿದ್ದೆವು. ನರಸೀಪುರಕ್ಕೆ ನಾವು ಹಿಡಿಯುವ ಒಳರಸ್ತೆಯಲ್ಲಿ ಒಂದು ಕಿರುಸೇತುವೆಯಿದೆ. ಅದರ ಹತ್ತಿರದ ಹೊಂಡಕ್ಕೆ ಗಾಡಿ ಇಳಿದದ್ದೇ ತಡ, ಆಕೆ ಕೂಗಿಕೊಂಡ ಕೂಗಿಗೆ ಚಾಲಕನೂ ಅತ್ತುಬಿಟ್ಟ. ಅಲ್ಲಿಂದಲೇ ಹಿಂದಿರುಗಿದೆವು. ಮಧ್ಯಾಹ್ನ ಬಾಗಿನದ ಮೊರವನ್ನು ಪಿಕಪ್‌ನಲ್ಲಿಟ್ಟುಕೊಂಡು ಇವನೇ ನಮ್ಮ ಮನೆಗೆ ಬಂದ. ಎಲೆಯ ಮುಂದೆ ಕುಳಿತವನು ಅನ್ನ ಮುಟ್ಟಲಿಲ್ಲ.

"ಬರೋ ಗೌರಿಗೆ ಅಕ್ಕ ನಮ್ಮನೆ ವಸ್ಲು ತುಳೀಬೇಕು ಭಾವ," ಎಂದ. "ಕುಲುಕ್ದೇ ಇರೋ ಗಾಡಿ ಯಾವ್ದು ಏಳಿ. ಲೋಟದ್ ತುಂಬ ನೀರು ಇಟ್ರೆ ತುಳುಕಬಾರ್ದು, ಅಂಥಾದ್ದು."

ಬೆಲೆಬಾಳುವ ದೊಡ್ಡ ಸೆಡಾನ್ ಕಾರುಗಳು ಹಾಗಿರುತ್ತವಂತೆ ಎಂದು ನಾನು ಕೇಳಿದ್ದನ್ನು ಹೇಳಿದೆ. 'ಬೆಲೆಬಾಳುವ' ಎಂಬ ಪದವನ್ನು ಆಡಬಾರದಾಗಿತ್ತು. ಅಕ್ಕನ ತಮ್ಮನಾಗಿ ಕುಳಿತಿದ್ದವನು ಆ ಒಂದು ಪದಕ್ಕೆ ಕುರಿ ವ್ಯಾಪಾರಿಯಾಗಿ ಎದ್ದು ನಿಂತ.

ಯುಗಾದಿ ಕಳೆದ ಮೊದಲ ಸೋಮವಾರ (ಆಧಾರ: ಅಂದು ಮನೆಯಲ್ಲಿ ಒಬ್ಬಟ್ಟಿನ ಸಾರು ಇನ್ನೂ ಉಳಿದಿತ್ತು) ನನ್ನನ್ನು ಸಾಕ್ಷಿಯಾಗಿ ಕರೆದುಕೊಂಡು ಮೈಸೂರಿನ ಶೋರೂಮಿಗೆ ಹೋದ. ಗಾಜಿನ ಅರಮನೆ, ನೆಲದಲ್ಲಿ ಮುಖ ಕಾಣುತ್ತಿತ್ತು. ಹೆಗಲ ಮೇಲಿನ ಚೌಕಳಿ ಟವಲು ಒದರಿಕೊಂಡು ಇವನು ಕಾರನ್ನು ಮೂರು ಸುತ್ತು ಹಾಕಿದ. ಹಿಂಭಾಗವನ್ನು ಅಂಗೈಯಿಂದ ಒತ್ತಿ ಕೊಬ್ಬು ಪರೀಕ್ಷಿಸಿದ. ಆಮೇಲೆ ಮುಂಭಾಗದ ಜಾಲರಿಯ ಎದುರು ಕುಕ್ಕುರುಗಾಲಿನಲ್ಲಿ ಕುಳಿತು, ಕಾರು ತೋರಿಸಲು ಬಂದ ಹುಡುಗಿಯನ್ನು ಕೇಳಿದ: "ಎಷ್ಟು ಅಲ್ಲು?"

"ಸರ್?"

"ಅಲ್ಲು ಕಣವ್ವ, ಅಲ್ಲು. ವಯಸ್ಸೆಷ್ಟು ಅಂತ."

"ಇದು ಹೊಸ ಕಾರು ಸರ್. ಟಾಪ್ ಮಾಡೆಲ್. ಸನ್‌ರೂಫ್ ಕೂಡ ಇದೆ," ಎಂದು ಆಕೆ ಗುಂಡಿಯೊತ್ತಿ ಮೇಲ್ಛಾವಣಿ ಸರಿಸಿ ತೋರಿಸಿದಳು.

ಇವನು ಆ ಕಿಂಡಿಯಿಂದ ಶೋರೂಮಿನ ತಾರಸಿಯನ್ನು ದೀರ್ಘವಾಗಿ ನೋಡಿದ. "ತಲೆ ಮ್ಯಾಲೆ ಇಷ್ಟು ದೊಡ್ಡ ತೂತು ಬಿಟ್ಟಿದ್ದೀರಿ. ಅಷ್ಟು ತಗಡು ನಿಮ್ಗೆ ಉಳೀತಲ್ಲ, ಅದುಕ್ಕೆ ಎಷ್ಟು ಕಮ್ಮಿ ಮಾಡ್ತೀರಿ?"

ಹುಡುಗಿ ತರಬೇತಿ ಪಡೆದವಳು, ನಗಲಿಲ್ಲ. ಬೆಲೆಯ ಹಾಳೆಯನ್ನು ಮುಂದಿಟ್ಟಳು. "ಇದು ಎಕ್ಸ್ ಶೋರೂಮ್ ಪ್ರೈಸ್ ಸರ್."

"ಅಂಗಂದ್ರೆ?"

"ಅಂದ್ರೆ... ಶೋರೂಮಿಂದ ಆಚೆ ಹೋಗುವಾಗಿನ..."

"ಆಚೆ ಬೆಲೆ ಯಾಕವ್ವ? ನಾನು ಒಳ್ಗೇ ನಿಂತಿವ್ನಿ. ಒಳಗಿನ್ ಬೆಲೆ ಏಳು."

"ಆಮೇಲೆ ಟ್ಯಾಕ್ಸು, ಇನ್ಶೂರೆನ್ಸು ಎಲ್ಲ ಸೇರಿ ಆನ್‌ರೋಡ್ ಪ್ರೈಸ್ ಬೇರೆ ಇರುತ್ತೆ ಸರ್."

"ಏನು, ರೋಡ್‌ಗೂ ನಾನೇ ದುಡ್ಡು ಕೊಡ್ಬೇಕಾ?" ಇವನ ದನಿಗೆ ಗಾಜಿನ ಗೋಡೆಗಳು ನಡುಗಿದವು. "ನಮ್ ರೋಡ್ ನೋಡಿದ್ದೀಯೇನವ್ವ ನೀನು? ಆ ರೋಡ್‌ನಾಗೆ ಬಿಡೋದ್ಕೆ ನೀವೇ ನಂಗೆ ಕೊಡ್ಬೇಕು!"

ಅಂದಿಗೆ ಮಾತು ಅಲ್ಲಿಗೆ ನಿಂತಿತು. ವೈಶಾಖದಲ್ಲಿ (ವಾರದ ಬಗ್ಗೆ ಭಿನ್ನಾಭಿಪ್ರಾಯವಿದೆ, ನಾನು ಗುರುವಾರ ಎನ್ನುತ್ತೇನೆ, ಅವನು ಬುಧವಾರ ಎನ್ನುತ್ತಾನೆ, ಅವನದು ತಪ್ಪು) ಕಾರನ್ನು ಓಡಿಸಿ ನೋಡುವ ಕಾರ್ಯಕ್ರಮ. ಮನೆಯಿಂದ ತಂದ ಸ್ಟೀಲ್ ಲೋಟಕ್ಕೆ ಕಂಠಮಟ್ಟ ನೀರು ತುಂಬಿ ಹಿಂದಿನ ಸೀಟಿನಲ್ಲಿಟ್ಟು ತಾನೂ ಪಕ್ಕದಲ್ಲಿ ಕುಳಿತ. ನಾನು ಇನ್ನೊಂದು ಪಕ್ಕ. ಹುಡುಗಿ ಮುಂದೆ, ಶೋರೂಮಿನ ಚಾಲಕನ ಜೊತೆ. ನಂಜನಗೂಡು ರಸ್ತೆಯಲ್ಲಿ ತಾಂಡವಪುರದವರೆಗೆ ಹೋದೆವು. ಲೋಟದ ನೀರು ಕೆರೆಯ ಹಾಗೆ ನಿಶ್ಚಲವಾಗಿತ್ತು. ಇವನ ಮುಖದಲ್ಲಿ ಒಂದು ಬೆಳಕು ಸುಳಿದದ್ದನ್ನು ನಾನು ಕಂಡೆ. ಅಕ್ಕನನ್ನು ಆ ಸೀಟಿನಲ್ಲಿ ಕೂರಿಸಿಯೇಬಿಟ್ಟಿದ್ದ ಎಂದು ತೋರುತ್ತದೆ. ಮರುಕ್ಷಣವೇ ಬೆಳಕು ಆರಿತು. ಸರಕು ಹಿಡಿಸಿದ್ದು ಮುಖದಲ್ಲಿ ಕಂಡರೆ ವ್ಯಾಪಾರ ಕೆಟ್ಟಿತಲ್ಲ! ಲೋಟವೆತ್ತಿ ಗಟಗಟನೆ ನೀರು ಕುಡಿದು, ಖಾಲಿ ಲೋಟವನ್ನು ಮುಂದೆ ಚಾಚಿದ.

"ನೋಡವ್ವ! ಪೂರಾ ಚೆಲ್ಲೋಯ್ತು!"

ಹುಡುಗಿ ತಿರುಗಿ ಸೀಟನ್ನು ಮುಟ್ಟಿ ನೋಡಿದಳು. "ಸೀಟು ಒಣಗಿದೆಯಲ್ಲ ಸರ್?"

"ಅದೇ ಮತ್ತೆ! ಬಟ್ಟೆ ಎಲ್ಲಾ ಈರ್ಕಂಬುಡ್ತು."

"ಇದು ಲೆದರ್ ಸರ್."

"ಏಳಿ ಭಾವ ನೀವಾದ್ರೂ," ಎಂದು ನನ್ನತ್ತ ತಿರುಗಿದ. ಆಧಾರವಿಲ್ಲದ ಹೇಳಿಕೆಗೆ ಸಹಿ ಹಾಕಿ ನನಗೆ ಅಭ್ಯಾಸವಿಲ್ಲ. "ನೀರು ಚೆಲ್ಲಿದ್ದನ್ನು ನಾನು ಪ್ರತ್ಯಕ್ಷವಾಗಿ ಕಂಡಿಲ್ಲ," ಎಂದೆ. ಮೈಸೂರಿನಲ್ಲಿ ಇಳಿಯುವಾಗ ಇವನು ಕೇಳಿದ: "ನೀವು ಯಾರ್ ಕಡೇರು ಭಾವ?"

ಆಷಾಢ ಬಂತು. ಆಷಾಢದಲ್ಲಿ ಜನ ಗಾಡಿ ಕೊಳ್ಳಲು ಹಿಂಜರಿಯುತ್ತಾರೆ. ಹಾಗಾಗಿ ಆಷಾಢದಲ್ಲಿ ಬೆಲೆ ಮುರಿದು ಶ್ರಾವಣದಲ್ಲಿ ಗಾಡಿ ಹೊರಡಿಸಬೇಕು ಎಂಬುದು ಇವನ ಸಿದ್ಧಾಂತ. ಈ ಸಲ ಎದುರಿಗೆ ಕುಳಿತವರು ಮ್ಯಾನೇಜರು; ಹೊಟ್ಟೆಯ ಮೇಲೆ ಟೈ ಮಲಗಿಸಿಕೊಂಡ ಮೃದುಭಾಷಿ. "ಡಿಸ್ಕೌಂಟ್ ನನ್ನ ಕೈಯಲ್ಲಿಲ್ಲ ಸರ್. ಬೇಕಿದ್ರೆ ಫ್ರೀ ಸರ್ವಿಸ್ ಏನಾದ್ರೂ ನೋಡೋಣ," ಎಂದರು.

"ಬಾಯಲ್ಲಿ ಬ್ಯಾಡ," ಎಂದ ಇವನು. "ಕೈ ಕೊಡಿ ಸಾ."

ಇಲ್ಲೊಂದು ವಿವರಣೆ ಅಗತ್ಯ. ಇವನ ಕಸುಬಿನಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಮರೆಯಲ್ಲಿ ಕೈಗೆ ಕೈ ಸೇರಿಸುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ. ಮುಖವಂತೂ ಆ ಹೊತ್ತಿನಲ್ಲಿ ಅಪ್ಪಟ ಸುಳ್ಳು ಹೇಳುತ್ತಿರುತ್ತದೆ. ಸಾಬೂನಿನ ಪರಿಮಳದ ಮ್ಯಾನೇಜರ ಕೈ ಹಿಂಜರಿಯುತ್ತ ಚೌಕಳಿ ಟವಲಿನೊಳಗೆ ಹೋಯಿತು. ಹುಡುಗಿಯರು ಮೊಬೈಲು ಎತ್ತಿ ಹಿಡಿದರು. ಕಾಫಿ ತರುತ್ತಿದ್ದವನು ಅಲ್ಲೇ ನಿಂತ. ಟವಲು ಅರ್ಧ ಗಂಟೆ ಹಾವು ನುಂಗಿದ ಗೋಣಿಚೀಲದಂತೆ ಹೊರಳಾಡಿತು. ಇವನು ಅಳುಮುಖ ಮಾಡಿದ, ನಕ್ಕ, ಎದ್ದು ಹೊರಡುವಂತೆ ನಟಿಸಿ ಕೈ ಮಾತ್ರ ಬಿಡದೆ ಮತ್ತೆ ಕುಳಿತ. ಕಡೆಗೊಮ್ಮೆ ಮ್ಯಾನೇಜರ ಎರಡು ಬೆರಳನ್ನು ಭದ್ರವಾಗಿ ಹಿಡಿದನೆಂದು ತೋರುತ್ತದೆ. ಅವರ ಮುಖ ಅರಳಿತು.

"ಎಲ್ಡು. ಆಯ್ತಾ?"

"ಆಯ್ತು ಸರ್, ಎರಡು!"

ಗೆದ್ದುಬಿಟ್ಟ! ಎದುರಿನ ಅಂಗಡಿಯಿಂದ ಮೈಸೂರು ಪಾಕಿನ ಡಬ್ಬ ತರಿಸಿ ಸಿಬ್ಬಂದಿಗೆಲ್ಲ ಹಂಚಿದ. ಕಾವಲುಗಾರನ ಬಾಯಿಗೆ ತಾನೇ ಇಟ್ಟ. ಅಷ್ಟರಲ್ಲಿ ಕಂಪ್ಯೂಟರಿನಿಂದ ಹಾಳೆ ಬಂತು. ಬೆಲೆ ಒಂದು ಪೈಸೆಯೂ ಇಳಿದಿರಲಿಲ್ಲ. ಕೆಳಗೆ ಒಂದು ಸಾಲು ಮಾತ್ರ ಸೇರಿತ್ತು: ಹೆಚ್ಚುವರಿ ಉಚಿತ ಸರ್ವಿಸ್, ಎರಡು.

ಇವನು ಹಿಡಿದದ್ದು ಎರಡು ಲಕ್ಷ. ಅವರು ಕೊಟ್ಟದ್ದು ಎರಡು ಸರ್ವಿಸ್! ಕುರಿ ಸಂತೆಯಲ್ಲಿ ಬೆರಳೆಂದರೆ ಏನೆಂದು ಹುಟ್ಟಿದ ಮಗುವಿಗೂ ಗೊತ್ತು. ಅದನ್ನು ಮೊದಲೇ ಬಿಡಿಸಿ ಹೇಳಬೇಕೆಂದು ಇವನಿಗೆ ಹೊಳೆಯುವುದಾದರೂ ಹೇಗೆ? "ಬೆಳ್ಳು ಇಡ್ದು ಮಾತು ತಪ್ಪೋದಾ! ನಮ್ ಕಡೆ ಇಂಗ್ ಮಾಡಿದ್ರೆ ಸಂತೆಗೇ ಸೇರ್ಸಲ್ಲ!" ಎಂದು ಕೂಗಾಡಿ, ಎದ್ದು, ಬಾಗಿಲವರೆಗೆ ಹೋಗಿ, ಏನೋ ಮರೆತವನಂತೆ ಹಿಂದಿರುಗಿದ. ರಾಜಿಗೆ ಬಂದನೆಂದು ಮ್ಯಾನೇಜರು ಕುರ್ಚಿ ಎಳೆದರು. ಇವನು ಮೈಸೂರು ಪಾಕಿನ ಡಬ್ಬಕ್ಕೆ ಮುಚ್ಚಳ ಹಾಕಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಉಳಿದದ್ದನ್ನು ನಂಜನಗೂಡಿನವರೆಗೂ ಪಿಕಪ್‌ನಲ್ಲಿ ನಾವಿಬ್ಬರೇ ತಿಂದೆವು.

ನಗುವ ಮಾತಲ್ಲ ಅದು. ಶ್ರಾವಣ ಹುಟ್ಟಿತು, ಶೋರೂಮಿನ ಕಡೆ ತಲೆಹಾಕಲಿಲ್ಲ ಪುಣ್ಯಾತ್ಮ. ಒಡಹುಟ್ಟಿದವಳ ಬೆನ್ನುನೋವಿಗೂ ರಿಯಾಯಿತಿ ಕೇಳುವವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಕಾರಿನಲ್ಲಿ ಅವಳು ವೈಶಾಖದಲ್ಲೇ ತವರಿಗೆ ಹೋಗಿಬರಬಹುದಾಗಿತ್ತು. ಅಷ್ಟು ಹಣವಿತ್ತು, ಮನಸ್ಸೂ ಇತ್ತೆಂದು ಇಟ್ಟುಕೊಳ್ಳೋಣ. ನಡುವೆ ಅಡ್ಡ ಮಲಗಿದ್ದುದು ಆ ಚೌಕಳಿ ಟವಲು.

ಶ್ರಾವಣದ ಎರಡನೇ ಶನಿವಾರ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದಳು. ತಮ್ಮ ಮ್ಯಾನೇಜರನ ಮೋಸದ ಕಥೆಯನ್ನು ಇನ್ನೊಮ್ಮೆ ಶುರು ಮಾಡಿದ್ದೇ ತಡ, ಕೈಯ ಕಾಯಿಯನ್ನು ಮೊರಕ್ಕೆ ಎಸೆದಳು.

"ನಿಲ್ಸೋ ಸಾಕು. ನಿನ್ನ ಚೌಕಾಸಿ ಮುಗಿಯೋ ಹೊತ್ತಿಗೆ ನಾನೇ ಮುಗೀತೀನಿ. ಯಾವ ಕಾರೂ ಬೇಡ. ಈ ಸಲಾನೂ ಮೊರ ಇಲ್ಲಿಗೇ ತಂದುಬಿಡು, ಆ ಕುರಿಗಾಡೀಲಿ."

"ಅಂಗಲ್ಲ ಅಕ್ಕ, ಇನ್ನೊಂದ್ ಸಲ..."

"ಅಮ್ಮ ಇದ್ದಿದ್ರೆ ಹಿಂಗೆ ರೇಟು ಕೇಳ್ಕೊಂಡು ಕೂತಿರ್ತಿದ್ಯೇನೋ?"

ಇವನು ಮೊರವನ್ನು ತನ್ನತ್ತ ಎಳೆದುಕೊಂಡು ಉಳಿದ ಹುರುಳಿಕಾಯಿಯನ್ನೆಲ್ಲ ನಾರು ತೆಗೆದು ಮುಗಿಸಿ ಎದ್ದ. "ಏಳಿ ಭಾವ, ಮೈಸೂರ್‌ಗೆ ಓಗ್ಬರಾನ," ಎಂದ.

ಮ್ಯಾನೇಜರು ನಮ್ಮನ್ನು ಕಂಡೊಡನೆ ಎರಡೂ ಕೈಯನ್ನು ಜೇಬಿಗೆ ಸೇರಿಸಿದರು. ಇವನು ಟವಲು ತೆಗೆದ. ಬಹಳ ಹೊತ್ತು ಒತ್ತಾಯಿಸಿದ ಮೇಲೆ ಒಂದು ಕೈ ಹೊರಬಂದು ಟವಲಿನ ಮರೆಗೆ ಹೋಯಿತು. ಹುಡುಗಿಯರು ಮೊಬೈಲು ಎತ್ತುವಷ್ಟರಲ್ಲಿ ಮುಗಿದೇಹೋಗಿತ್ತು! ಹೊರಳಾಟವಿಲ್ಲ, ಅಳುಮುಖವಿಲ್ಲ. ಟವಲು ಒಂದೇ ಒಂದು ಸಲ ಅಲುಗಿತು. ಮ್ಯಾನೇಜರು ಇವನ ಮುಖವನ್ನು ವಿಚಿತ್ರವಾಗಿ ನೋಡಿ, "ಖಂಡಿತಾನಾ ಸರ್?" ಎಂದರು. ಇವನು ಟವಲನ್ನು ಒದರಿ ಹೆಗಲಿಗೆ ಹಾಕಿಕೊಂಡ.

"ಎಷ್ಟಕ್ಕೆ ಆಯಿತು?" ಎಂದೆ ಮೆಟ್ಟಿಲಿಳಿಯುವಾಗ.

"ಟವಲ್ ಒಳಗಿನ್ ಮಾತು ಆಚೆ ಬರಬಾರ್ದು ಭಾವ. ಮಣ್ಣು ಮುಕ್ಕಿಸ್ಬುಟ್ಟೆ ಅಂತ ತಿಳ್ಕಳಿ. ಆದ್ರೆ ಗಾಡಿ ಗೌರಿ ಮುಂಚಿನ್ ದಿನಾನೇ ಸಿಗೋದಂತೆ, ಅದ್ಕೂ ಮೊದ್ಲು ಆಗಲ್ಲಂತೆ."

ಇನ್ನು ಆರಂಭದಲ್ಲಿ ಹೇಳಿದ ಬಿದಿಗೆಗೆ ಬರೋಣ. ಮನೆಯ ಮುಂದೆ ಕಾರು ನಿಂತಿತು, ಅಚ್ಚ ಬಿಳಿ. ಇವನು ಇಳಿದು ಬೀದಿಗೆಲ್ಲ ಕೇಳುವಂತೆ ಘೋಷಿಸಿದ: "ಈಗ್ ತಾನೇ ಶೋರೂಮಿಂದ! ನೇರ್ವಾಗಿ ಇಲ್ಗೇ!" ಮುಂದೆ ಗಾಜಿನ ಹತ್ತಿರ ಒಂದು ನಿಂಬೆಹಣ್ಣು ಕುಳಿತಿತ್ತು. ಹೊಸ ಗಾಡಿಯ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಡುತ್ತಾರಷ್ಟೆ. ಇವನು ಜಗಳವಾಡಿ ಐದನೆಯದನ್ನು ಕೊಸರಾಗಿ ವಸೂಲು ಮಾಡಿದ್ದ. "ಸ್ಟೆಪ್ನಿಗೆ ಬ್ಯಾಡ್ವಾ ಮತ್ತೆ?"

ನಾನು ಬಾಗಿ ಆ ನಿಂಬೆಹಣ್ಣನ್ನು ಪರೀಕ್ಷಿಸಿದೆ. ಅದು ಕಂದುಬಣ್ಣಕ್ಕೆ ತಿರುಗಿ ಜಾಯಿಕಾಯಿಯಂತೆ ಗಟ್ಟಿಯಾಗಿತ್ತು. "ಇದು ಇವತ್ತಿನ ಹಣ್ಣೇನಪ್ಪ?" ಎಂದೆ.

"ಒಣಗಿದ್ದೇ ಕೊಟ್ರು ಭಾವ, ಕಂಜೂಸ್ ನನ್ಮಕ್ಳು!"

ಒಳಗೆ ಕುಳಿತು, ಅಭ್ಯಾಸಬಲದಿಂದ, ಓಡಿದ ಕಿಲೋಮೀಟರನ್ನು ತೋರಿಸುವ ಅಂಕಿಯನ್ನು ಓದಿದೆ. ಮೈಸೂರಿನಿಂದ ನಂಜನಗೂಡಿಗೆ 'ನೇರವಾಗಿ' ಬಂದ ಕಾರಿನಲ್ಲಿ ಅದು ಎಂಟುನೂರನ್ನು ದಾಟಿತ್ತು. ಅದನ್ನೂ ಕೇಳಿದೆ. "ಮೀಟ್ರು ವಸಿ ಜಾಸ್ತಿ ಓಡ್ತದಂತೆ. ಅದ್ಕೇ ಮತ್ತೆ ನಂಗೆ ಬೆಲೆ ಕಮ್ಮಿ ಬಿದ್ದಿದ್ದು!" ಎಂದ, ಕಣ್ಣು ಮಿಟುಕಿಸದೆ.

ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿದೆವು. ಇವನು ಅದೇ ಸ್ಟೀಲ್ ಲೋಟಕ್ಕೆ ನೀರು ತುಂಬಿ ಆಕೆಯ ಕೈಗೆ ಕೊಟ್ಟ. "ಇಡ್ಕಳಕ್ಕ. ಒಂದ್ ತೊಟ್ಟು ತುಳುಕಿದ್ರೆ ಏಳು." ನರಸೀಪುರದ ಕಡೆ ಹೊರಟೆವು, ಎತ್ತಿನ ಗಾಡಿಗೂ ನಾಚಿಕೆಯಾಗುವ ವೇಗದಲ್ಲಿ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ, ಕಾರು ಕೆಟ್ಟಿದೆಯೇ ಎಂದು ವಿಚಾರಿಸಿದ.

ಕಿರುಸೇತುವೆ ಹತ್ತಿರ ಬಂತು. ನನ್ನ ಹೆಂಡತಿ ಕಣ್ಣು ಮುಚ್ಚಿ ಒಂದು ಕೈಯಿಂದ ನನ್ನ ಮಣಿಕಟ್ಟನ್ನು ಹಿಡಿದಳು. ಲೋಟದ ನೀರಿನಲ್ಲಿ ಒಂದು ಉಂಗುರ ಎದ್ದಿತು, ಅಂಚಿಗೆ ಹೋಯಿತು, ಅಡಗಿತು. ಅಷ್ಟೇ. ಕಿಟಕಿಯಿಂದ ಹೊರಗೆ ನೋಡಿದೆ. ಆ ಹೊಂಡಕ್ಕೆ ಕೆಂಪು ಗರಸು ಮಣ್ಣು ತುಂಬಿ, ನೀರು ಹಾಕಿ, ಗಟ್ಟಿಯಾಗಿ ಬಡಿದು ದಮ್ಮಸು ಮಾಡಲಾಗಿತ್ತು. ಅಲ್ಲಿಂದ ಮುಂದೆಯೂ ಹಾಗೆಯೇ. ಹೊಂಡವಿದ್ದಲ್ಲೆಲ್ಲ ಕೆಂಪು ತೇಪೆ.

"ಯಾರೋ ಮಣ್ಣು ಹಾಕಿಸಿದ್ದಾರಲ್ಲ?" ಎಂದೆ.

"ಸರ್ಕಾರದೋರು ಇರ್ಬೇಕು," ಎಂದ ಇವನು, ರಸ್ತೆಯಿಂದ ಕಣ್ಣು ತೆಗೆಯದೆ.

ಸರ್ಕಾರವೇ? ಎಂಥ ಸರ್ಕಾರವದು! ರಸ್ತೆಯ ಎಡಭಾಗದ ಹೊಂಡಗಳಷ್ಟೇ ಮುಚ್ಚಿದ್ದವು. ಬಲಭಾಗದವು ಹಾಗೆಯೇ ಬಾಯಿ ತೆರೆದುಕೊಂಡು ಬಿದ್ದಿದ್ದವು. ನನ್ನ ಹೆಂಡತಿಯೂ ಕಣ್ಣು ತೆರೆದು ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಲೋ," ಎಂದಳು, "ಹೋಗೋ ಕಡೆ ಮಾತ್ರ ಮುಚ್ಚಿದ್ದಾರಲ್ಲೋ. ನಾನು ವಾಪಸ್ಸು ಬರೋದು ಹೆಂಗೆ?"

"ವಾಪಸ್ ಮಾತು ಈಗ್ಲೇ ಯಾಕಕ್ಕ?" ಎಂದ. "ಇನ್ನೂ ಬತ್ತಾನೇ ಇದ್ದೀಯ."

ನರಸೀಪುರದಲ್ಲಿ ಆಕೆ ಹೊಸ್ತಿಲು ತುಳಿಯುವ ಮೊದಲು, ಅಂಗಳದಲ್ಲೇ ನಿಂತು ಆ ಲೋಟದ ನೀರನ್ನು ಪೂರ್ತಿ ಕುಡಿದಳು. ಅಂಗಳದ ಮೂಲೆಯಲ್ಲಿ ಪಿಕಪ್ ನಿಂತಿತ್ತು. ಕುರಿಯ ವಾಸನೆಯಿರಲಿಲ್ಲ, ಅದರ ಹಲಗೆಯ ಸಂದುಗಳಲ್ಲೆಲ್ಲ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

ಇಷ್ಟನ್ನು ಬರೆದಾದ ಮೇಲೆ ಸಾಕ್ಷ್ಯಗಳನ್ನು ಎದುರುಬದುರು ಇಟ್ಟು ನೋಡಿದೆ. ಒಣಗಿದ ನಿಂಬೆಹಣ್ಣು ಒಂದು. ಮೀಟರಿನ ಅಂಕಿ ಇನ್ನೊಂದು. ಲೋಟವಿಟ್ಟುಕೊಂಡು ಈ ದಾರಿಯಲ್ಲಿ ಎಷ್ಟು ಸಲ ಹೋಗಿಬಂದರೆ ಅಷ್ಟಾದೀತು! ಆ ಕಾರು ಶೋರೂಮು ಬಿಟ್ಟದ್ದು ಬಿದಿಗೆಯಂದಲ್ಲ; ಶ್ರಾವಣದಲ್ಲೇ. ಟವಲಿನೊಳಗಿನ ಆ ಒಂದೇ ಅಲುಗಾಟಕ್ಕೆ ಏನರ್ಥವೆಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ, ಊಹೆಯಿದೆ: ಬೆಲೆ ಇಳಿಸಲು ಒಂದು ಅಲುಗಾಟ ಸಾಲದು. ಎಂದರೆ ಈ ಬರಹದ ಮೊದಲ ಸಾಲುಗಳು, ಕ್ಯಾಲೆಂಡರು ಪಂಚಾಂಗಗಳೆರಡನ್ನೂ ನೋಡಿ ಬರೆದವು, ತಪ್ಪು. ತಿದ್ದಲೆಂದು ಪೆನ್ನು ತೆಗೆದೆ.

ನನ್ನ ಹೆಂಡತಿ ಹಿಂದಿನಿಂದ ನೋಡುತ್ತಿದ್ದಳು. "ಅವನು ಏನು ಹೇಳಿದ್ನೋ ಅಷ್ಟನ್ನೇ ಬರೀರಿ," ಎಂದಳು. "ಚೌಕಾಸಿ ಮಾಡಬೇಡಿ."